ತಲೆಯ ಕೆಳಗೊಂದು ಕೈ

ಕೊನೆಯ ಸಲ ಮೀಯಿಸಲೆಂದು ಚಂದಯ್ಯನನ್ನು ಅಂಗಳದ ಬಾಳೆಲೆಯ ಮೇಲೆ ಇಳಿಸುವಾಗ ಅವನ ಹೆಂಡತಿ ಜಲಜ ಗಬಕ್ಕನೆ ನುಗ್ಗಿ ತಲೆಯ ಕೆಳಗೆ ಅಂಗೈ ಒಡ್ಡಿದಳು.

"ಬಿಡಿ ಅತ್ಗೆ," ಕಾಲು ಹಿಡಿದಿದ್ದ ನೆರೆಮನೆಯ ಬಚ್ಚ ಮೆಲ್ಲಗೆ ಹೇಳಿದ. "ಇನ್ ಅವ್ನಿಗೆ ಪೆಟ್ಟಾತಿಲ್ಲೆ."

ಅವಳಿಗೆ ಗೊತ್ತಿತ್ತು. ಆದರೆ ಕೈ ಕೇಳಬೇಕಲ್ಲ! ಮದುವೆಯಾದಲ್ಲಿಂದ ಅದಕ್ಕೆ ಅದೇ ಕೆಲಸ. ಉಣ್ಣುತ್ತ ಉಣ್ಣುತ್ತ ಗಂಜಿಯ ಬಟ್ಟಲಿಗೆ ಬಾಗುವ ತಲೆ, ಸೇವಂತಿಗೆ ಕಟ್ಟುತ್ತ ಗೋಡೆಯ ಕಡೆ ವಾಲುವ ತಲೆ. ಬೇರೆಯವರಿಗೆ ಸೀನು ಬಂದ ಹಾಗೆ ಅವನಿಗೆ ಹಗಲಲ್ಲಿ ನಿದ್ದೆ ಬರುತ್ತಿತ್ತು.

ಮೀಯಿಸಿ ಚಾವಡಿಯಲ್ಲಿ ಮಲಗಿಸಿದ ಮೇಲೆ ಜನ ಅಂಗಳದಲ್ಲಿ ಕುಳಿತರು. ಸುಮ್ಮನಿರಲಾರದೆ ಬಚ್ಚನೇ ಬಾಯಿ ತೆರೆದ.

"ಕುಂದಾಪ್ರದಂಗೆ ಹೂಗ್ ಕೊಟ್ಟ್ ಬಸ್ ಹತ್ತೂದ್. ತಲ್ಲೂರ್ ಬಪ್ಪುಕೆ ಮುಂಚೆ ನಿದ್ರಿ! ಹೆಮ್ಮಾಡೆಗ್ ಇಳೂಕೆ ಟಿಕೇಟ್, ಏಳೂದ್ ಬೈಂದೂರಂಗೆ. ಒಂದಿನ ವಾಪಸ್ ಬಪ್ಪು ಬಸ್ಸಂಗೂ ಮಲ್ಗಿ ಮತ್ತ್ ಕುಂದಾಪ್ರಕ್ಕೇ ಹೋಯ್ ಇಳ್ದ, ಮಾರಾಯ್ರೆ!"

"ಕಂಡಕ್ಟ್ರಿಗೆ ಅವ್ನ್ ಮೇಲ್ ಪ್ರೀತಿ ಕಾಣ್!" ಎಂದರು ಯಾರೋ.

ಸಾವಿನ ಮನೆಯೆನ್ನುವುದನ್ನೂ ಮರೆತು ಅಂಗಳ ನಕ್ಕಿತು. ಜಲಜ ಮಾತ್ರ ಬೆಚ್ಚಿ, ಗಂಡನ ಮೊಣಕಾಲಿನ ಕಡೆ ನೋಡಿದಳು.

*

೧೯೯೭ರಲ್ಲಿ ತಲ್ಲೂರಿನಿಂದ ಮದುಮಗಳಾಗಿ ಬಂದಾಗ ಜಲಜ ಬಾಯಿ ಬಿಟ್ಟರೆ ಊರವರನ್ನೆಲ್ಲ ಅಣಕಿಸುವವಳು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಹೂವಿನ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಂಡಕ್ಟರ್ ಆದಳು.

"ಹ್ವಾಯ್, ಹೂಗಿನವ್ರೇ! ಹೆಮ್ಮಾಡಿ ಹೋಯ್ತ್, ಮರವಂತೆ ಹೋಯ್ತ್, ಬೈಂದೂರ್ ಬಂತ್! ಇಳೀನಿ, ಇಳೀನಿ!"

ಚಂದಯ್ಯ ಹೊಟ್ಟೆ ಹಿಡಿದು ನಕ್ಕ. ನಗುತ್ತಿದ್ದಂತೆಯೇ ಮೊಣಕಾಲು ಸಡಿಲಿ, ಹಗ್ಗದಿಂದ ಜಾರಿದ ಒದ್ದೆ ಬಟ್ಟೆಯಂತೆ ಕುಸಿದ. ಹಣೆ ಕಲ್ಲಿಗೆ ಬಡಿಯಿತು. ಕಣ್ಣು ತೆರೆದೇ ಇತ್ತು, ಅವಳು ಕೂಗಿದ್ದೆಲ್ಲ ಕೇಳುತ್ತಲೂ ಇತ್ತು. ನಾಲಿಗೆ ಮಾತ್ರ ಏಳಲಿಲ್ಲ. ಒಂದು ಗೇಣು ಆಚೆ ಬಿದ್ದಿದ್ದರೆ ಬಾವಿ.

ಇದು ಸೋಮಾರಿತನವಲ್ಲ, ನಿದ್ದೆಯದೇ ಒಂದು ರೋಗ, ನಕ್ಕಾಗ ಮೈ ಬಲ ತಪ್ಪುವುದೂ ಅದರದ್ದೇ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹಿಂದಿರುಗುವ ಬಸ್ಸಿನಲ್ಲಿ ಅವನ ತಲೆಯನ್ನು ಹೆಗಲಿಗಾನಿಸಿಕೊಂಡು ಜಲಜ ತನ್ನೊಳಗೇ ಏನನ್ನೋ ನಿಶ್ಚಯಿಸಿದಳು. ಆಮೇಲೆ ಅವಳು ಯಾರನ್ನೂ ಅಣಕಿಸಲಿಲ್ಲ. ಮಗಳು ವಿನಯಾ ಕೂಡ ಶಾಲೆಯ ತಮಾಷೆಗಳನ್ನು ಅಡುಗೆಮನೆಯಲ್ಲೇ ಪಿಸುಗುಟ್ಟಿ ಮುಗಿಸುತ್ತಿದ್ದಳು.

"ಎಂತ ಅದ್? ನಂಗೂ ಹೇಳಿ ಕಾಂಬ," ಎನ್ನುತ್ತಿದ್ದ ಚಾವಡಿಯಿಂದ ಚಂದಯ್ಯ.

"ಎಂತದೂ ಇಲ್ಲೆ."

*

ಬಚ್ಚ ಬಂದು ಜಲಜಳ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

"ಬೇಜಾರ್ ಮಾಡ್ಕಣ್ಬೇಡಿ ಅತ್ಗೆ. ಅವ ಒಂದ್ ಮಾತ್ ಯಾವಾಗ್ಲೂ ಹೇಳ್ತಿದ್ದ. 'ನನ್ ನಿದ್ರಿ ಕಂಡ್ ಕಂಡ್ ಜಲಜಂಗೆ ಸಾಕಾಯ್ತ್ ಮಾರಾಯಾ, ನಗೂದೇ ಬಿಟ್ಳ್' ಅಂದೇಳಿ."

ಜಲಜ ಸೆರಗಿನ ತುದಿ ಮಡಚಿದಳು, ಬಿಡಿಸಿದಳು.

"ಸಾಕಾದ್ದಲ್ಲ ಬಚ್ಚ. ನಕ್ಕ್ರೆ ಅವ್ರ್ ಬೀಳ್ತ್ರ್ ಅಂದೇಳಿ ಬಿಟ್ಟದ್."

"ಅಷ್ಟನ್ನ ಅವ್ನಿಗೆ ಹೇಳುಕಾಗ್ದಾ?"

"ಹೇಳ್ರೆ ಅದ್ಕೂ ನಗಾಡ್ತಿದ್ರ್."

ಬಚ್ಚ ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಒತ್ತಿಕೊಂಡ.

ಹೊರಡುವ ಹೊತ್ತಾಯಿತೆಂದು ಹಿರಿಯರು ಕೂಗಿದರು. ವಿನಯಾ ಅಪ್ಪನ ಬಾಯಿಗೆ ತುಳಸಿನೀರು ಬಿಟ್ಟು ಸರಿದಳು. ಕೊನೆಗೆ ಜಲಜ. ಎಡಗೈಯನ್ನು ಗಂಡನ ತಲೆಯ ಕೆಳಗೆ ತೂರಿಸಿ, ಬಲಗೈಯಿಂದ ನೀರು ಬಿಟ್ಟಳು. ಆಮೇಲೆ ಕಿವಿಗೆ ಬಾಗಿ, ಬಾವಿಕಟ್ಟೆಯ ಆ ಬೆಳಗಿನದೇ ರಾಗದಲ್ಲಿ ಕೂಗಿದಳು.

"ಹ್ವಾಯ್, ಹೂಗಿನವ್ರೇ! ಹೆಮ್ಮಾಡಿ ಹೋಯ್ತ್, ಮರವಂತೆ ಹೋಯ್ತ್..."

ವಿನಯಾ ತಾಯಿಯನ್ನು ಮೊದಲ ಸಲ ಕಂಡವಳಂತೆ ನೋಡಿದಳು. ಜಲಜ ಅವನ ಮುಖವನ್ನೇ ನೋಡುತ್ತ ತುಸು ಕಾದಳು.

ನಾಲ್ವರು ಬಂದು ಅವನನ್ನು ಎತ್ತಿಕೊಂಡರು. ಚಾಪೆಯ ಮೇಲೆ ಅವಳ ಎಡಗೈ ಅಂಗಾತವಾಗಿ, ತಲೆ ಇದ್ದಷ್ಟೇ ಗುಂಡಗೆ ಬೆರಳು ಬಾಗಿಸಿಕೊಂಡು, ಹಾಗೆಯೇ ಉಳಿಯಿತು.