ಎರಡನೆಯ ಎಡತೋಳು

ಮಗಳು ಅಮ್ಮನ ಹೊಲಿಗೆ ಯಂತ್ರದ ತಗಡು ಸರಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಬಾಬಿನ್ ಗೂಡಿನ ಧೂಳು ತೆಗೆಯುತ್ತಿದ್ದಳು. ವಾರದ ನೂಲಿನ ಎಳೆಯೆಲ್ಲ ಸೇರಿ ಬೂದು ಬಣ್ಣದ ಉಂಡೆಯಾಗಿತ್ತು. ಅದನ್ನು ಎತ್ತಿ ಕಾಗದದ ಮೇಲಿಟ್ಟು, ಒಂದು ತೊಟ್ಟು ಎಣ್ಣೆ ಬಿಟ್ಟಳು. ಎದುರು ಮೇಜಿನ ಬಳಿ ಅಮ್ಮ ಗುಂಡಿ ಡಬ್ಬಿ ಹುಡುಕುತ್ತಿದ್ದಳು. ಡಬ್ಬಿ ಅವಳ ಕಂಕುಳಲ್ಲೇ ಇತ್ತು. ಮಗಳು ಅದನ್ನು ನೋಡಿ, ಮತ್ತೆ ಬ್ರಷ್ಷು ಆಡಿಸತೊಡಗಿದಳು.

ಸದಾ ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡಿರುವ ಅಮ್ಮ ಬೀದಿಗೆಲ್ಲ ಟೇಪಮ್ಮ. ಮಗಳು ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತಂದಿನಿಂದ ಹೊಲಿಯುವುದು, ಕಾಜಾ ಹಾಕುವುದು ಎಲ್ಲ ಕಲಿತಿದ್ದಳು. ಕತ್ತರಿಯನ್ನು ಮಾತ್ರ ಅಮ್ಮ ಬಿಟ್ಟುಕೊಟ್ಟಿರಲಿಲ್ಲ. "ಕತ್ತರಿ ಕೈಬಿಟ್ಟ ದಿನ ನಾನು ಬರೀ ಕೂತು ತಿನ್ನೋ ಮುದುಕಿ" ಅನ್ನುತ್ತಿದ್ದಳು.

ಹೋದ ತಿಂಗಳು ಆ ಕತ್ತರಿ ತಪ್ಪಿತ್ತು. ಬ್ಯಾಂಕಿನ ಮೇಡಂ ಹೊಲಿಯಲು ಕೊಟ್ಟ ಕೋಟಿಗೆ ಅಮ್ಮ ಎರಡೂ ತೋಳುಗಳನ್ನು ಎಡಗೈಗೇ ಕತ್ತರಿಸಿದ್ದಳು. ಹೊಲಿದ ಮೇಲೆ ಮಗಳಿಗೆ ಗೊತ್ತಾಯಿತು. ಅದೇ ಬಟ್ಟೆ ಹುಡುಕಿ ತಂದು, ಅಮ್ಮ ಊಟಕ್ಕೆ ಹೋದಾಗ ಬಲತೋಳು ತಾನೇ ಕತ್ತರಿಸಿದಳು. ಎಡತೋಳೊಂದು ಉಳಿಯಿತು. ಅದನ್ನು ಚಿಂದಿ ಚೀಲದ ತಳಕ್ಕೆ ತುರುಕಿದಳು.

ಆಮೇಲೆ ತಲೆನೋವಿನ ನೆಪ ಹೇಳಿ ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ದಳು.

"ಮೆದುಳು ದಿನವಿಡೀ ದುಡಿಯತ್ತಲ್ಲ, ಅಲ್ಲೂ ಕಸ ಬೀಳತ್ತೆ," ಎಂದರು ಡಾಕ್ಟರು. "ತೊಳೆದುಕೊಂಡು ಹೋಗೋಕೆ ಒಳಗೇ ನೀರಿನ ದಾರಿಗಳಿವೆ. ಒಳ್ಳೇ ನಿದ್ದೇಲಿ ಚೆನ್ನಾಗಿ ಹರಿಯತ್ತೆ. ದಿನಾ ಉಸಿರು ಏರೋ ಹಾಗೆ ಮೈ ದಣಿಸಿದ್ರೂ ಸಹಾಯ ಆಗಬಹುದು ಅಂತ ಈಗೀಗ ಗೊತ್ತಾಗ್ತಿದೆ. ಮರೆವು ನಿಂತೇಹೋಗತ್ತೆ ಅಂತ ಮಾತು ಕೊಡಲ್ಲ. ಆದ್ರೂ ನಡೀರಿ, ಸೈಕಲ್ ತುಳೀರಿ, ಏನಾದ್ರೂ ಮಾಡಿ."

"ನನ್ನ ತಲೇಲಿ ಕಸ ಇದೆ ಅನ್ನೋಕೆ ಇಷ್ಟೆಲ್ಲ ಓದಬೇಕಿತ್ತಾ?" ಎಂದು ಅಮ್ಮ ದಾರಿಯುದ್ದಕ್ಕೂ ಗೊಣಗಿದಳು. "ಕೆಲಸ ಇಲ್ಲದವರು ವಾಕಿಂಗ್ ಹೋಗಲಿ."

ಮರುದಿನ ಅಮ್ಮನ ಯಂತ್ರದ ಮೋಟಾರು ಮಾಯವಾಗಿತ್ತು.

"ಸುಟ್ಟುಹೋಯ್ತಮ್ಮಾ, ರಿಪೇರಿಗೆ ಕೊಟ್ಟಿದೀನಿ," ಎಂದಳು ಮಗಳು, ತಲೆಯೆತ್ತದೆ.

ಮೂಲೆಗೆ ಬಿದ್ದಿದ್ದ ಚರ್ಮದ ಬೆಲ್ಟು ಮತ್ತೆ ಚಕ್ರವೇರಿತು. ಅಮ್ಮ ರಿಪೇರಿಯವನ ವಂಶವನ್ನೆಲ್ಲ ಬೈಯುತ್ತ ಪೆಡಲು ತುಳಿದಳು. ಮೊದಲ ವಾರ ಮಂಡಿ ಹಿಡಿಯಿತು. ಎರಡನೆಯ ವಾರ ಬೈಗುಳ ಕಡಿಮೆಯಾಯಿತು. ಈಗ ಊಟವಾದೊಡನೆ ನಿದ್ದೆ. ಪಕ್ಕದ ಹಾಸಿಗೆಯ ಗೊರಕೆಯನ್ನು ಮಗಳು, ಎಣ್ಣೆ ಹಾಕಿದ ಯಂತ್ರದ ಸದ್ದು ಕೇಳುವ ಹಾಗೆ ಕಿವಿಗೊಟ್ಟು ಕೇಳುತ್ತಿದ್ದಳು.

ಕಂಕುಳಿನ ಡಬ್ಬಿ ಕೊನೆಗೂ ಅಮ್ಮನಿಗೆ ಸಿಕ್ಕಿತು. ಗುಂಡಿಗೆ ಹೊದಿಸಲು ಚೂರು ಬಟ್ಟೆ ಬೇಕೆಂದು ಚಿಂದಿ ಚೀಲಕ್ಕೆ ಕೈಹಾಕಿದಳು. ಮಗಳ ಬ್ರಷ್ಷು ನಿಂತಿತು.

ಅಮ್ಮ ಮೊದಲು ಮೋಟಾರು ತೆಗೆದಳು. ತಿರುಗಿಸಿ ನೋಡಿದಳು.

"ರಿಪೇರಿ ಅಂಗಡಿ ಬಹಳ ಹತ್ತಿರ ಇದೆಯಲ್ಲೇ."

ಮತ್ತೆ ಕೈಹಾಕಿದಳು. ಈ ಸಲ ತೋಳು ಬಂತು. ಅದನ್ನು ಬೆಳಕಿಗೆ ಹಿಡಿದಳು. ನಿಧಾನವಾಗಿ ತನ್ನ ಬಲಗೈಗೆ ತೊಟ್ಟಳು. ಮೊಣಕೈ ಒಂದು ಕಡೆ ಬಾಗಿದರೆ ತೋಳು ಇನ್ನೊಂದು ಕಡೆ ಬಾಗಿತು.

"ಬ್ಯಾಂಕಿನ ಮೇಡಂದು."

"ಹೂಂ."

"ಬಲಗೈದು ನೀನು ಕತ್ತರಿಸಿದ್ಯಾ?"

ಮಗಳು ಕಾಗದದ ಮೇಲಿನ ಧೂಳಿನ ಉಂಡೆಯನ್ನೇ ನೋಡುತ್ತಿದ್ದಳು.

"ಬಲತೋಳು ಎಷ್ಟು ಚೆನ್ನಾಗಿ ಕೂತಿದೆ ಅಂತ ಆ ಮೇಡಂ ಎರಡೆರಡು ಸಲ ಹೇಳಿದ್ರು," ಎಂದಳು ಅಮ್ಮ. "ನಾನು ಇಲ್ಲಿ ನಿಂತ್ಕೊಂಡು ಸುಮ್ನೆ ಹಿಗ್ಗಿದೆ ನೋಡು."

ಅವಳಿಗೆ ನಗು ಬಂದಂತಾಯಿತು, ಪೂರ್ತಿ ಬರಲಿಲ್ಲ. ಮೋಟಾರನ್ನು ಮತ್ತೆ ಚೀಲದೊಳಗಿಟ್ಟು ಅದರ ಬಾಯಿಗೆ ಗಂಟು ಹಾಕಿದಳು. "ಏಳು ಅತ್ತ," ಎಂದು ಮಗಳನ್ನು ಎಬ್ಬಿಸಿ, ತಗಡು ಮುಚ್ಚಿ, ಯಂತ್ರದ ಮುಂದೆ ಕೂತಳು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ. ಆದರೂ ಪೆಡಲು ತುಳಿಯತೊಡಗಿದಳು. ಬೆಲ್ಟು ಓಡಿತು. ಕೊರಳ ಟೇಪಿನ ಎರಡು ತುದಿಗಳೂ ಕುಣಿದವು. ಉಸಿರು ಏರಿತು, ಹಣೆಯಲ್ಲಿ ಬೆವರು ಮೂಡಿತು. ಬಲಗೈಯ ಎಡತೋಳನ್ನು ಅವಳು ತೆಗೆದಿರಲಿಲ್ಲ.

"ಇನ್ನೊಂದು ಸಲ ನಾನು ಹೀಗೆ ಕತ್ತರಿಸಿದ್ರೆ ನನಗೆ ಹೇಳು ಮಗಳೇ."