ಅಳತೆ ಚೀಟಿ

ಕುತ್ತಿಗೆಯಿಂದ ಟೇಪು ಇಳಿಸದ ಆ ಹೆಣ್ಣು ಟೈಲರನ್ನು ಬೀದಿಯವರೆಲ್ಲ ಟೇಪಕ್ಕ ಎಂದೇ ಕರೆಯುತ್ತಿದ್ದರು. ಅವಳು ಮಾಡಿದ ತಪ್ಪು ಇಷ್ಟೇ: ಬಟ್ಟೆ ತೊಡಿಸದ ಗೊಂಬೆಗೆ ಟೇಪು ಸುತ್ತಿ, ಎದೆಯಳತೆ ಹಿಡಿಯುವ ಬಗೆಯನ್ನು ಫೋನಿನ ಆ್ಯಪಿನಲ್ಲಿ ಫೋಟೊ ಹಾಕಿ ತೋರಿಸಿದ್ದಳು. ಆ್ಯಪಿನ ಕಂಪನಿಯ ಯಂತ್ರಕ್ಕೆ ಅದು ಬೆತ್ತಲೆ ಹೆಂಗಸಾಗಿ ಕಂಡಿತು. ಖಾತೆ ಬಂದ್. ಫೋಟೊ ಹಾಕುವ ಆ್ಯಪು, ಮೆಸೇಜಿನ ಆ್ಯಪು, ಕರೆ ಮಾಡುವ ಆ್ಯಪು ಮೂರಕ್ಕೂ ಒಬ್ಬನೇ ಯಜಮಾನ. ಮೂರೂ ಒಟ್ಟಿಗೆ ಮುಚ್ಚಿದವು. ಹೊಸ ಖಾತೆ ತೆರೆದಳು. ಮುಖ ಗುರುತು ಹಿಡಿದು ಅದನ್ನೂ ಮುಚ್ಚಿದರು.

ಗಿರಾಕಿಗಳೇನೋ ನಡೆದೇ ಬಂದರು. ಸಿಗದೆ ಹೋದವನು ಅಣ್ಣ. ಹಡಗಿನಲ್ಲಿ ಅಡುಗೆಯವನು. ದಡ ಕಂಡಲ್ಲೆಲ್ಲ ಹೊಸ ಸಿಮ್ಮು ಹಾಕುತ್ತಿದ್ದ; ಇವಳ ನಂಬರೂ ಎರಡು ಸಲ ಬದಲಾಗಿತ್ತು. ಇಬ್ಬರ ನಡುವೆ ಉಳಿದಿದ್ದದ್ದು ಆ ಖಾತೆಯೊಂದೇ. ಹಡಗಿನಿಂದ ಇಳಿದ ಕೂಡಲೇ "ಏನೇ ಸೂಜಿ, ಬದುಕಿದ್ದೀಯಾ?" ಎನ್ನುತ್ತಿದ್ದ. ಆ ಮಾತು ಕೇಳಿ ಐದು ತಿಂಗಳಾಗಿತ್ತು. ಹಡಗಿನ ಆಫೀಸಿನವರು, ಅವನು ನಮ್ಮಲ್ಲಿ ಕೆಲಸ ಬಿಟ್ಟು ಬೇರೆ ಹಡಗು ಹತ್ತಿದ ಎಂದರು.

ಮೂರು ಆ್ಯಪುಗಳ ಆ ಕಂಪನಿಯನ್ನು ಒಡೆದು ಬೇರೆ ಬೇರೆ ಮಾಡಬೇಕೇ ಎಂದು ಸರ್ಕಾರದ ಸಮಿತಿ ಜನರ ಅಹವಾಲು ಕೇಳುತ್ತಿತ್ತು. ಟೇಪಕ್ಕ ಅಂಗಡಿ ಮುಚ್ಚಿ ಹೋದಳು.

"ಗೊಂಬೆಗೊಂದು ಬಟ್ಟೆ ಹಾಕಬಾರದಿತ್ತೇನಮ್ಮ?" ಎಂದ ಅಧಿಕಾರಿ.

"ಬಟ್ಟೆ ಮೇಲೆ ಅಳತೆ ಹಿಡಿದ್ರೆ ಅಂಗಿ ದೊಗಳೆಯಾಗುತ್ತೆ ಸಾರ್."

ಸಾಲಿನಲ್ಲಿ ಕೂತವರು ನಕ್ಕರು. ಅವಳು ನಗಲಿಲ್ಲ.

"ನನ್ನ ಹೊಲಿಗೆ ಹಿಡಿಸದಿದ್ರೆ ಗಿರಾಕಿ ಎದುರಂಗಡಿಗೆ ಹೋಗ್ತಾರೆ. ಅಳತೆ ಚೀಟಿ ನಾನೇ ಬರೆದು ಕೊಡ್ತೀನಿ. ಅವರ ಮೈ ಅಳತೆ ನಾನ್ಯಾಕೆ ಇಟ್ಕೊಂಡು ಸತಾಯಿಸ್ಲಿ? ಇವರು ನಮ್ಮಣ್ಣನ್ನೇ ಒಳಗಿಟ್ಕೊಂಡು ಬಾಗಿಲು ಹಾಕ್ಕೊಂಡಿದಾರೆ. ಎದುರಂಗಡಿಗೆ ಹೋಗೋಣ ಅಂದ್ರೆ ಅದೂ ಅವರದ್ದೇ. ಮೂರನ್ನೂ ಬಿಡಿಸಿ ಮೂರು ಜನಕ್ಕೆ ಕೊಡಿ ಸಾರ್. ಬಿಟ್ಟು ಹೋಗೋರ ಕೈಗೆ ಅವರವರ ಜನರ ವಿಳಾಸದ ಚೀಟಿ ಕೊಡಲೇಬೇಕು ಅಂತ ಕಾನೂನು ಮಾಡಿ."

ಅಧಿಕಾರಿ ಬರೆದುಕೊಂಡ. ಪೆನ್ನು ಮುಚ್ಚಿ, "ಸರಿಯಾಗೇ ಹೇಳಿದ್ರಿ. ಆದ್ರೆ ವರದಿ ಬರೋಕೇ ಎರಡು ವರ್ಷ ಹಿಡಿಯುತ್ತೆ" ಎಂದ.

"ಅಲ್ಲೀವರೆಗೆ?"

"ಮುಂದಿನವರು ಬನ್ನಿ."

ಅಂಗಡಿಗೆ ಮರಳಿ ಡಬ್ಬಿಯಿಂದ ಅಣ್ಣನ ಚೀಟಿ ತೆಗೆದಳು. ಕಾಲರು ಹದಿನೈದೂವರೆ. ತೋಳು ಇಪ್ಪತ್ನಾಲ್ಕು. ಎಡ ಭುಜ ಅರ್ಧ ಇಂಚು ಇಳಿಜಾರು. ಎಲ್ಲಿದ್ದಾನೆ ಎಂಬುದೊಂದು ಬಿಟ್ಟು ಎಲ್ಲವೂ ಅದರಲ್ಲಿತ್ತು.

ಮೇಜಿನ ಮೇಲೆ ಬಟ್ಟೆ ಹರಡಿ ಅಣ್ಣನ ಅಂಗಿಗೆ ಗುರುತು ಹಾಕಿದಳು. ವರದಿ ಬರುವ ಎರಡು ವರ್ಷದಲ್ಲಿ ಅವನಿಗೆ ಮೈ ಬರಬಹುದು ಎಂದು, ಒಳಗೆ ಒಂದಿಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು.