ಏಳು ನಾಯಿಗಳ ಆಟ

ಆರು ವರ್ಷದ ನಂತರ ಅಣ್ಣ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ನನ್ನನ್ನು ನೋಡುವುದಕ್ಕಲ್ಲ, ತನ್ನ ಕಂಪ್ಯೂಟರ್ ತೋರಿಸುವುದಕ್ಕೆ. ಅದೂ ಬೇರೆ ಮೂರು ರಿಪೇರಿ ಅಂಗಡಿಯವರು ಕೈ ಚೆಲ್ಲಿದ ಮೇಲೆ. ಬೆಳಿಗ್ಗೆಯೇ ಅತ್ತಿಗೆ ಫೋನ್ ಮಾಡಿ ಗೋಗರೆದಿದ್ದರು. "ನಿಮ್ಮಣ್ಣ ಮಧ್ಯಾಹ್ನ ಬರ್ತಾರೆ ಕಣೇ. ನನ್ನ ಮುಖ ನೋಡ್ಕೊಂಡಾದ್ರೂ ಜಗಳ ಆಡ್ಬೇಡ."

ಅತ್ತಿಗೆಯ ಮುಖ ಒಳ್ಳೆಯದೇ. ಆದರೆ ಬಂದವನು ಅವರ ಮುಖ ಹೊತ್ತುಕೊಂಡು ಬರಲಿಲ್ಲವಲ್ಲ.

ನನ್ನ ಅಂಗಡಿ ಎರಡನೇ ಮಹಡಿಯಲ್ಲಿದೆ, ಕೆಳಗೆ ಟೈಲರ್ ಅಂಗಡಿ. ಅವನು ಆ ದೊಡ್ಡ ಡಬ್ಬವನ್ನು ಅಪ್ಪಿಕೊಂಡು ಏದುಸಿರು ಬಿಡುತ್ತಾ ಹತ್ತುವುದು ಹೊಲಿಗೆ ಯಂತ್ರದ ಸದ್ದಿನ ನಡುವೆಯೂ ಕೇಳಿಸುತ್ತಿತ್ತು. ಎದ್ದು ಹೋಗಿ ಒಂದು ಕೈ ಹಿಡಿಯಬಹುದಿತ್ತು. ಏಳಲಿಲ್ಲ. ಕೀಬೋರ್ಡಿನ ಸಂದಿಗಳ ಧೂಳನ್ನು ಬ್ರಷ್‌ನಿಂದ ತೆಗೆಯುತ್ತಾ ಕೂತಿದ್ದೆ, ಆ ಧೂಳು ತೆಗೆಯದಿದ್ದರೆ ಪ್ರಪಂಚ ಮುಳುಗುತ್ತದೆ ಎನ್ನುವ ಹಾಗೆ.

"ಹೇಳಿ ಸಾರ್, ಏನು ಪ್ರಾಬ್ಲಂ?"

ಹುಟ್ಟಿದಾಗಿನಿಂದ ಅವನನ್ನು 'ನೀನು' ಎಂದವಳು ನಾನು. ಅವನಿಗೆ ತಾಗಬೇಕಾದ ಕಡೆ ತಾಗಿತು.

"ಸಾರ್ ಗೀರ್ ಎಲ್ಲ ಬೇಡ. ಆಟ ಓಪನ್ ಆಗ್ತಿಲ್ಲ."

"ಯಾವ ಆಟ ಸಾರ್?"

"ಎಷ್ಟು ಆಟ ಇದೆ ನಮ್ಮದು?" ಎಂದ. ಆ 'ನಮ್ಮದು' ಬಾಯಿಂದ ಜಾರಿದ್ದು ಅವನಿಗೂ ಗೊತ್ತಾಗಿ, ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

ಇರುವುದು ಒಂದೇ ಆಟ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಮನೆಯ ಊಟದ ಮೇಜಿನ ಮೇಲೆ, ಇಬ್ಬರಿಗೂ ಸೇರಿ ಇದ್ದ ಒಂದೇ ಕಂಪ್ಯೂಟರಿನಲ್ಲಿ ನಾನೂ ಅವನೂ ಮಾಡಿದ್ದು. ಒಬ್ಬ ಅಂಚೆಯವನು, ಏಳು ಮಹಡಿಯ ಕಟ್ಟಡ, ಮಹಡಿಗೊಂದು ನಾಯಿ. ಕಾಗದ ತಲುಪಿಸಿ, ಕಚ್ಚಿಸಿಕೊಳ್ಳದೆ ಕೆಳಗಿಳಿದು ಬರಬೇಕು. ಅಂಚೆಯವನ ನಡಿಗೆ, ಮೆಟ್ಟಿಲು, ಆ ಏಳು ನಾಯಿಗಳ ತಲೆಯಲ್ಲಿದ್ದ ಏಳು ಬಗೆಯ ಬುದ್ಧಿ ನಾನು ಬರೆದದ್ದು. ಚಿತ್ರ, ಕಾಗದಗಳೊಳಗಿನ ಕತೆ, ಆಟ ಶುರುವಾಗುವ ಭಾಗ, ಹೆಸರಿನ ಪರದೆ ಅವನು ಬರೆದದ್ದು. ಅರ್ಧ ಅವನದು, ಅರ್ಧ ನನ್ನದು. ಎಷ್ಟೇ ಸಿಟ್ಟು ಬಂದರೂ ನಾನು ಹೇಳುವ ಲೆಕ್ಕ ಇಷ್ಟೇ.

ಅವನ ಲೆಕ್ಕ ಬೇರೆ. ಆರು ವರ್ಷದ ಹಿಂದೆ ಪತ್ರಿಕೆಯವರೊಬ್ಬರು ಅವನ ಸಂದರ್ಶನ ಮಾಡಿದ್ದರು. ಒಬ್ಬರೇ ಮಾಡಿದಿರಾ ಎಂದು ಕೇಳಿದ್ದಕ್ಕೆ, 'ಮನೆಯವರ ಸಹಕಾರ ಇತ್ತು' ಎಂದಿದ್ದ. ಮನೆಯವರ ಸಹಕಾರವಂತೆ. ನಾನೇನು ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸುತ್ತಿದ್ದೆನೆ? ಆವತ್ತು ಬಿಟ್ಟ ಮಾತು, ಇವತ್ತಿನವರೆಗೂ ಬಿಟ್ಟೇ ಇತ್ತು.

ಮರುದಿನ ಹತ್ತು ಗಂಟೆಗೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಟಗಳ ಪ್ರದರ್ಶನ. ಬಂದವರು ಕೂತು ಆಡುವ ಹಾಗೆ ನಮ್ಮ ಆಟವನ್ನೂ ಇಡುತ್ತಾರೆ, ಪಕ್ಕದಲ್ಲಿ ಮಾಡಿದವರ ಹೆಸರಿನ ಬೋರ್ಡ್. ಬೋರ್ಡಿನ ಮೇಲೆ ಅವನದೊಂದೇ ಹೆಸರು ಎಂದು ಅತ್ತಿಗೆ ಫೋನಿನಲ್ಲಿ ತಡವರಿಸುತ್ತಾ ಹೇಳಿದ್ದರು.

"ಓಡಿಸ್ಕೊಡ್ತೀನಿ. ಬೋರ್ಡ್ ಮೇಲೆ ನನ್ನ ಹೆಸರು ಬರ್ಬೇಕು," ಎಂದೆ.

"ಮೊದ್ಲು ಓಡ್ಲಿ. ಆಮೇಲೆ ನೋಡೋಣ."

"ಆಮೇಲೆ ನೋಡೋ ಗಿರಾಕಿಗಳನ್ನ ತುಂಬಾ ನೋಡಿದೀನಿ ಸಾರ್."

ಆದರೂ ಡಬ್ಬಕ್ಕೆ ವೈರು ಚುಚ್ಚಿದೆ. ನನ್ನ ಬುದ್ಧಿಯೇ ಅಂಥದ್ದು. ಕೆಟ್ಟ ಯಂತ್ರ ಎದುರಿಗಿದ್ದರೆ ತಂದವನು ಯಾರೆಂದು ಕೈ ಕೇಳುವುದಿಲ್ಲ.

ಆಟದ ಗುರುತಿನ ಮೇಲೆ ಒತ್ತಿದರೆ ಪರದೆ ಒಮ್ಮೆ ಕಪ್ಪಾಗುತ್ತಿತ್ತು, ಮರುಕ್ಷಣ ಏನೂ ಆಗದ ಹಾಗೆ ಮೊದಲಿನಂತಾಗುತ್ತಿತ್ತು. ತಪ್ಪು ಇಂಥದ್ದು ಎಂದು ಒಂದು ಸಾಲೂ ಇಲ್ಲ. ಹಳೆಯ ಕಂಪ್ಯೂಟರಿನಲ್ಲೇ ಇದ್ದೇನೆಂದು ಆಟವನ್ನು ನಂಬಿಸುವ ಸೆಟ್ಟಿಂಗ್ ಹಾಕಿ ನೋಡಿದೆ. ಆಗಲಿಲ್ಲ. ಬಣ್ಣ ಇಳಿಸಿದೆ, ಪರದೆಯ ಅಳತೆ ಇಳಿಸಿದೆ, ಸೌಂಡ್ ಪೂರ್ತಿ ತೆಗೆದೆ. ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಇದೆಲ್ಲ ಆ ಮೂರು ಜನಾನೂ ಮಾಡಿದ್ರು," ಎಂದ ಅಣ್ಣ, ಗಿರಾಕಿಗಳ ಸ್ಟೂಲಿನ ಮೇಲೆ ಕೂತು.

"ಹಾಗಿದ್ರೆ ಅವರ ಹತ್ರಾನೇ ಹೋಗಿ. ಬಾಗ್ಲು ತೆಗೆದೇ ಇದೆ."

"ನಿನ್ನ ನಾಲಿಗೆ ಮಾತ್ರ ಹಾಗೇ ಇದೆ."

"ನಿಮ್ಮದೂ ಹಾಗೇ ಇದೆ ಸಾರ್. ಪೇಪರ್‌ನಲ್ಲಿ ಓದಿದೀನಿ."

ಅವನು ಗೋಡೆಯ ಕಡೆ ತಿರುಗಿ ಕೂತ. ನಾನು ಬೀರುವಿನಿಂದ ನನ್ನ ಹಳೆಯ ಸಿ.ಡಿ. ತೆಗೆದೆ. ಅಂಗಡಿಗೆ ಹೋದ ಮೊದಲ ಸಿ.ಡಿ.ಗಳಲ್ಲಿ ಒಂದನ್ನು ಎತ್ತಿಟ್ಟುಕೊಂಡಿದ್ದೆ. ಅವನ ಕಂಪ್ಯೂಟರಿಗೇ ಹಾಕಿ, ಅದರಿಂದ ಆಟವನ್ನು ಬೇರೆ ಕಡೆ ಇಳಿಸಿ ಒತ್ತಿದೆ. ತಕ್ಷಣ ತೆರೆದುಕೊಂಡಿತು.

ಹೊಸ ಯಂತ್ರದ ವೇಗಕ್ಕೆ ಸಿಕ್ಕಿದ ನಾಯಿಗಳು ಮಾತ್ರ ಹುಚ್ಚೆದ್ದಿದ್ದವು. ಅಂಚೆಯವನು ಚೀಲ ಹೆಗಲಿಗೇರಿಸುವುದರೊಳಗೆ ಏಳೂ ಸೇರಿ ಅವನನ್ನು ಮುಗಿಸಿದವು. ಅದು ದೊಡ್ಡ ವಿಷಯವಲ್ಲ. ವೇಗಕ್ಕೆ ಕಡಿವಾಣ ಹಾಕುವ ಒಂದು ಸಣ್ಣ ಪ್ರೋಗ್ರಾಂ ನನ್ನ ಬಳಿ ಇದೆ, ಹತ್ತು ನಿಮಿಷದಲ್ಲಿ ನಾಯಿಗಳು ನಾಯಿಗಳ ಹಾಗೆ ಓಡಲು ಶುರುಮಾಡಿದವು. ಅಣ್ಣ ಸ್ಟೂಲ್ ಬಿಟ್ಟು ಎದ್ದು ಬಂದ.

"ಓಡ್ತಲ್ಲ. ಕೊಡು ಹಾಗೇ."

"ಓಡ್ತಿರೋದು ನನ್ನ ಸಿ.ಡಿ. ಸಾರ್. ನೀವು ತಂದಿದ್ದು ಓಡ್ತಿಲ್ಲ. ಕಂಪ್ಯೂಟರ್ ಒಂದೇ, ಆಟ ಒಂದೇ. ಅಂದ್ರೆ ನಿಮ್ಮ ಕಾಪಿನಲ್ಲಿ ಏನೋ ಬದಲಾಗಿದೆ."

ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೊಂದೇ ಫೈಲನ್ನು ಹೋಲಿಸಿ ನೋಡುವಂತೆ ಕಂಪ್ಯೂಟರಿಗೆ ಹೇಳಿದೆ. ಇನ್ನೂರ ಹನ್ನೆರಡು ಫೈಲುಗಳಲ್ಲಿ ಇನ್ನೂರ ಹನ್ನೊಂದು ಒಂದೇ ಥರ ಇದ್ದವು. ಬೇರೆಯಾಗಿದ್ದದ್ದು ಹೆಸರಿನ ಫೈಲು. ಆಟ ಶುರುವಾಗುವ ಮುಂಚೆ ಮಾಡಿದವರ ಹೆಸರು ತೋರಿಸುತ್ತದಲ್ಲ, ಅದು. ಸಿ.ಡಿ.ಯಲ್ಲಿ ಎರಡು ಹೆಸರು. ಅವನ ಕಾಪಿಯಲ್ಲಿ ಒಂದು.

"ಇದನ್ನ ಯಾರು ಮುಟ್ಟಿದ್ದು?"

"ಸ್ವಲ್ಪ ಸರಿ ಮಾಡ್ದೆ," ಎಂದ ಫ್ಯಾನ್ ನೋಡುತ್ತಾ.

"ಸರಿ ಮಾಡೋದು ಅಂದ್ರೆ?"

"ಬೋರ್ಡಲ್ಲೊಂದು ಸ್ಕ್ರೀನಲ್ಲೊಂದು ಇದ್ರೆ ಜನ ಕೇಳ್ತಾರೆ."

ಬೋರ್ಡಿನಿಂದ ಬಿಟ್ಟದ್ದು ಸಾಲದೆಂದು, ಇಪ್ಪತ್ತನಾಲ್ಕು ವರ್ಷ ನಾನಿದ್ದ ಜಾಗದಿಂದಲೂ ನನ್ನನ್ನು ಎತ್ತಿ ಹೊರಗೆ ಹಾಕಿದ್ದ. ಆಮೇಲೆ ಅದನ್ನೇ ರಿಪೇರಿ ಮಾಡಿಕೊಡು ಎಂದು ನನ್ನ ಬಳಿಗೇ ಹೊತ್ತು ತಂದಿದ್ದ. ಮೌಸ್ ಎತ್ತಿ ಅವನ ತಲೆಗೆ ಎಸೆಯದೆ ಇದ್ದದ್ದು ಅದಕ್ಕೆ ವೈರ್ ಇದ್ದದ್ದರಿಂದ.

"ನಾಚಿಕೆ ಆಗಲ್ವಾ ನಿಂಗೆ?" ಸಾರ್ ಎನ್ನುವುದು ಮರೆತೇಹೋಯಿತು.

"ನಿಂಗೇನು ಕಡಿಮೆಯಾಗಿದೆ ಹೇಳು," ಎಂದ ಅವನೂ ದನಿ ಏರಿಸಿ. "ಅಂಗಡಿ ಇದೆ, ಕೈಯಲ್ಲಿ ಕಸುಬಿದೆ, ನಾಲ್ಕು ಜನ ಹುಡುಕ್ಕೊಂಡು ಬರ್ತಾರೆ. ಈ ಆಟ ಆದ್ಮೇಲೆ ನಾನು ಕೈ ಹಾಕಿದ್ದು ಒಂದಾದ್ರೂ ನಿಂತಿದ್ಯಾ? ಜನ ನನ್ನನ್ನ ಗುರುತು ಹಿಡಿಯೋದು ಇದೊಂದ್ರಿಂದ."

"ಅದಕ್ಕೆ ನನ್ನದನ್ನೂ ನಿನ್ನ ಹೆಸರಿಗೆ ಬರ್ಕೊಂಡ್ಯಾ?"

ಕೆಳಗೆ ಟೈಲರ್ ಯಂತ್ರ ನಿಲ್ಲಿಸಿದ್ದ. ನಮ್ಮ ಜಗಳ ಕೇಳಲಿಕ್ಕೇ ಇರಬೇಕು.

ಸಿಟ್ಟಿನ ನಡುವೆಯೂ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ಒಂದು ಹೆಸರು ತೆಗೆದರೆ ಇಡೀ ಆಟ ಯಾಕೆ ನಿಲ್ಲಬೇಕು? ಪರದೆಯ ಮೇಲೆ ಒಂದು ಸಾಲು ಕಡಿಮೆ ಕಾಣಬೇಕು, ಅಷ್ಟೇ. ನಾನು ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ತೆಗೆದೆ. ನಾವು ಬರೆದ ಮೂಲ ಪ್ರೋಗ್ರಾಂ ಅದರಲ್ಲಿತ್ತು, ನಾನು ಬರೆದ ಫೈಲುಗಳು ಒಂದು ಕಡೆ, ಅವನು ಬರೆದವು ಇನ್ನೊಂದು ಕಡೆ. ಆ ಕಾಲದಲ್ಲಿ ನಾವಿಬ್ಬರೂ ದಿನಾ ಕಿತ್ತಾಡುತ್ತಿದ್ದುದರಿಂದ ಅಮ್ಮ ಒಂದು ಕಟ್ಟಪ್ಪಣೆ ಮಾಡಿದ್ದಳು: ಅವನದನ್ನು ಇವಳು ತೆಗೆಯಕೂಡದು, ಇವಳದನ್ನು ಅವನು ತೆಗೆಯಕೂಡದು. ತಟ್ಟೆ ಲೋಟಕ್ಕೆ ಇದ್ದ ಕಾನೂನೇ ಫೈಲಿಗೂ ಬಂತು. ಅಮ್ಮ ಹೋದ ಮೇಲೂ ನಾನು ಅದನ್ನು ಮುರಿದಿರಲಿಲ್ಲ. ಆಟ ಶುರುವಾಗುವ ಭಾಗ ಅವನದು, ಅದರೊಳಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಆ ಮಧ್ಯಾಹ್ನ ಮೊದಲ ಸಲ ತೆರೆದೆ. ಅರ್ಧಕ್ಕೆ ಬರುವಷ್ಟರಲ್ಲಿ ಸಿಕ್ಕಿತು. ಎರಡೇ ಸಾಲು. ಹೆಸರಿನ ಫೈಲಿನಲ್ಲಿ ಒಂದಕ್ಷರ ಆಚೀಚೆಯಾಗಿದ್ದರೂ ಸುಮ್ಮನೆ ಆಟ ಮುಚ್ಚಿಬಿಡು ಎಂದು ಆ ಎರಡು ಸಾಲು ಕಂಪ್ಯೂಟರಿಗೆ ಹೇಳುತ್ತಿದ್ದವು. ಮೇಲೆ, ಓದುವವರಿಗಾಗಿ ಪ್ರೋಗ್ರಾಂ ಬರೆಯುವವರು ಬಿಡುವ ಟಿಪ್ಪಣಿಯಲ್ಲಿ, ಅವನು ಹೀಗೆ ಬರೆದಿದ್ದ:

'ನನ್ನ ತಂಗಿಯ ಹೆಸರು ತೆಗೆದರೆ ಆಟ ಓಡಬಾರದು. ತೆಗೆದವನು ಯಾರೇ ಆಗಿರಲಿ.'

ನಾನು ಅದನ್ನು ಮೂರು ಸಲ ಓದಿದೆ.

ಆಗ ಅರ್ಥವಾಯಿತು. ಆ ಕಾಲದಲ್ಲಿ ನಮ್ಮ ಸಿ.ಡಿ. ಮಾರಲು ಒಪ್ಪಿಕೊಂಡ ಕ್ಯಾಸೆಟ್ ಅಂಗಡಿಯವನು, ಹುಡುಗಿಯ ಹೆಸರಿದ್ದರೆ ಹುಡುಗರು ಕೊಳ್ಳುವುದಿಲ್ಲ, ಅದನ್ನು ತೆಗೆದುಬಿಡುತ್ತೇನೆ ಎಂದಿದ್ದ. ಅಣ್ಣ ಕಿಸಕ್ಕನೆ ನಕ್ಕು, ಆಗಲಿ ತೆಗೆಯಿರಿ ಎಂದಿದ್ದ. ಆ ರಾತ್ರಿ ನಾನು ಊಟ ಬಿಟ್ಟು ಮಲಗಿದ್ದೆ. ವಾರದ ಮೇಲೆ ಅಂಗಡಿಯವನು ಮುಖ ಊದಿಸಿಕೊಂಡು ಬಂದು, ಎರಡೂ ಹೆಸರಿರಲಿ ಎಂದು ಹೇಳಿ ಹೋಗಿದ್ದ. ಅವನಿಗೆ ಒಳ್ಳೆಯ ಬುದ್ಧಿ ಬಂತು ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಬಂದದ್ದು ಬುದ್ಧಿಯಲ್ಲ, ನನ್ನ ಹೆಸರು ತೆಗೆದಾಗ ಆಟ ಓಡಿರಲಿಲ್ಲ.

ಮಾನಿಟರನ್ನು ಅಣ್ಣನ ಕಡೆ ತಿರುಗಿಸಿದೆ. ಅವನು ಕನ್ನಡಕ ಹಾಕಿಕೊಂಡು ಬಗ್ಗಿ ಓದಿದ. ಕಿವಿ ಕೆಂಪಾಯಿತು.

"ಇದು ನಾನು ಬರ್ದಿದ್ದಾ?"

"ಅಮ್ಮ ಬರ್ದಿರ್ತಾಳಾ?"

ಅವನು ಏನಾದರೂ ಹೇಳುತ್ತಾನೆ ಎಂದು ಕಾದೆ. ಒಂದು ಮಾತು, ಅರ್ಧ ಮಾತು ಸಾಕಿತ್ತು, ನಾನು ಕರಗಿಹೋಗುತ್ತಿದ್ದೆ. ಅವನು ಕನ್ನಡಕ ತೆಗೆದು ಜೇಬಿಗಿಟ್ಟ.

"ಆಗಿನ್ನೂ ಹುಡುಗ ನಾನು. ತಿಳಿವಳಿಕೆ ಇರ್ಲಿಲ್ಲ," ಎಂದ. ಆಮೇಲೆ, "ಆ ಎರಡು ಸಾಲು ತೆಗೆಯೋಕಾಗಲ್ವಾ?"

ಇಪ್ಪತ್ತೆರಡು ವರ್ಷದ ನನ್ನ ಅಣ್ಣ ನನಗೋಸ್ಕರ ಕಾವಲು ನಿಂತಿದ್ದ. ಈ ನಲವತ್ತಾರು ವರ್ಷದವನು ಅವನನ್ನು ಕತ್ತು ಹಿಡಿದು ಆಚೆ ದಬ್ಬು ಎಂದು ನನಗೇ ಹೇಳುತ್ತಿದ್ದ. ತೆಗೆಯುವುದು ಐದು ನಿಮಿಷದ ಕೆಲಸ. ಅಳಿಸಿ, ಪ್ರೋಗ್ರಾಮನ್ನು ಮತ್ತೆ ಜೋಡಿಸಿದರೆ ಮುಗಿಯಿತು.

"ಆಗಲ್ಲ," ಎಂದೆ.

"ಯಾಕೆ?"

"ಇಡೀ ಆಟ ಅದರ ಮೇಲೇ ನಿಂತಿದೆ. ಅದನ್ನ ಕಿತ್ರೆ ಎಲ್ಲಾ ಬಿದ್ದೋಗತ್ತೆ." ಹಸಿ ಸುಳ್ಳು. ಹೇಳುವಾಗ ರೆಪ್ಪೆಯೂ ಮಿಟುಕಿಸಲಿಲ್ಲ. ಅವನು ಪ್ರೋಗ್ರಾಂ ಬರೆಯುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು, ಅವನಿಗೇನು ಗೊತ್ತಾಗಬೇಕು? "ಎರಡು ಹೆಸರಿದ್ರೆ ಓಡತ್ತೆ. ಒಂದಿದ್ರೆ ಓಡಲ್ಲ. ನಾಳೆ ಹತ್ತು ಗಂಟೆಗೆ ಏನು ತೋರಿಸ್ತೀಯ ನೀನೇ ನೋಡ್ಕೊ."

ಅವನು ನನ್ನ ಮುಖ ನೋಡಿದ. ಆಮೇಲೆ ಫೋನ್ ತೆಗೆದು, ಪ್ರದರ್ಶನ ನೋಡಿಕೊಳ್ಳುವ ಮೇಡಂಗೆ ಕರೆ ಮಾಡಿದ. ಬೋರ್ಡ್ ಆಗಲೇ ತೂಗುಹಾಕಿದ್ದರೆಂದು ಕಾಣುತ್ತದೆ, ಆ ಕಡೆಯ ದನಿ ಗರಂ ಆಗಿತ್ತು.

"ಗೊತ್ತು ಮೇಡಂ. ಹೊಸದು ಹಾಕ್ಸಿ. ಒಂದು ಹೆಸರು ಬಿಟ್ಟೋಗಿದೆ... ಇಲ್ಲ, ನಿಮ್ಮ ತಪ್ಪಲ್ಲ, ನಾನೇ ಬಿಟ್ಟಿದ್ದು... ನನ್ನ ತಂಗಿ. ಸಹಕಾರ ಅಲ್ಲ ಮೇಡಂ, ಅರ್ಧ ಆಟ ಅವಳೇ ಮಾಡಿದ್ದು." ನನ್ನ ಹೆಸರನ್ನು ಎರಡು ಸಲ ಬಿಡಿಸಿ ಹೇಳಿದ.

ನಾನು ಸಿ.ಡಿ.ಯಿಂದ ಹೆಸರಿನ ಫೈಲನ್ನು ಅವನ ಕಾಪಿಗೆ ಹಾಕಿದೆ. ಆಟ ತೆರೆದುಕೊಂಡಿತು. ಗೆದ್ದೆ ಎಂದು ಒಳಗೊಳಗೇ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ. ಇವನು ನನ್ನ ಹೆಸರು ಕೊಟ್ಟದ್ದು ಪ್ರೀತಿಯಿಂದಲ್ಲ, ಬೇರೆ ದಾರಿಯಿಲ್ಲದೆ ಎಂದು ಗೊತ್ತಿತ್ತು. ಅದರಿಂದಲೇ ಇನ್ನಷ್ಟು ಖುಷಿಯಾಯಿತು.

ವೈರು ಬಿಚ್ಚಿ ಡಬ್ಬವನ್ನು ಅವನ ಕೈಗೆ ಕೊಟ್ಟೆ. ಥ್ಯಾಂಕ್ಸ್ ಅನ್ನಲಿಲ್ಲ ಮಹಾರಾಯ, ನಾನೂ ಕಾಯಲಿಲ್ಲ. ಬಾಗಿಲ ಹತ್ತಿರ ಹೋದವನು ಡಬ್ಬವನ್ನು ತೊಡೆಗೆ ಆನಿಸಿಕೊಂಡು ನಿಂತ.

"ಎರಡು ಸಾಲು ಅಳ್ಸೋಕೆ ಐದು ನಿಮಿಷ ಸಾಕು," ಎಂದ, ತಿರುಗಿ ನೋಡದೆ. "ಅಷ್ಟೂ ಮರ್ತಿಲ್ಲ ನಾನು."

"ಮತ್ತೆ ಫೋನ್ ಯಾಕೆ ಮಾಡ್ದೆ?"

"ನೀನು ಆಗಲ್ಲ ಅಂದ್ಯಲ್ಲ," ಎಂದು ಹೇಳಿ ಮೆಟ್ಟಿಲಿಳಿದ.

ನನಗೆ ಸಿಟ್ಟು ಬಂತು, ನಿಜವಾಗಿಯೂ ಬಂತು. ಆರು ವರ್ಷ ಜೋಪಾನ ಮಾಡಿದ ಜಗಳದಲ್ಲಿ ಕೊನೆಗೆ ಸುಳ್ಳು ಹೇಳಿದವಳು ನಾನು, ಗೊತ್ತಿದ್ದೂ ಅದನ್ನು ನುಂಗಿಕೊಂಡವನು ಅವನು. ಅವನ ಹಿಂದೆ ಓಡಿಹೋಗಿ ಇನ್ನೊಂದು ಸುತ್ತು ಜಗಳವಾಡಬೇಕೆನಿಸಿತು. ಹೋಗಲಿಲ್ಲ. ಅಂಗಡಿಯ ಬಾಗಿಲು ಹಾಕಿ, ಅವನು ಕೂತಿದ್ದ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.